ಭಾವ ತಿದ್ದಿಸಿದ ಹೊಳೆ

ನನ್ನ ಗಂಡನ ಅಣ್ಣನನ್ನು ಕಂಡರೆ ನನಗೆ ಆಗುವುದಿಲ್ಲ. ಅದನ್ನು ಮುಚ್ಚಿಡುವ ಉಸಾಬರಿಯೂ ನನಗೆ ಬೇಕಿಲ್ಲ. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಒಂದು ಚಿತ್ರವೇ ಅದಕ್ಕೆ ಕಾರಣ.

ಅದು ಇಂಗ್ಲೆಂಡಿನ ಒಂದು ಹೊಳೆದಂಡೆ. ಅಲ್ಲಿಯವನೊಬ್ಬ ಯಾವ ಕಾಲದಲ್ಲೋ ಬರೆದದ್ದು. ಅದರ ಅಚ್ಚಾದ ಪ್ರತಿ ಕಾಲೇಜಿನಲ್ಲಿದ್ದಾಗ ನನ್ನ ಕೈಗೆ ಸಿಕ್ಕಿತ್ತು. ನಾನು ತಾವರಗೇರಾದವಳು. ಮದುವೆಯಾಗಿ ಇಲ್ಲಿಗೆ ಬರುವವರೆಗೆ ತುಂಬಿ ಹರಿಯುವ ಹೊಳೆಯನ್ನೇ ಕಂಡಿರಲಿಲ್ಲ. ನಾನು ನೋಡಿದ ಮೊದಲ ಹೊಳೆ ಆ ಕಾಗದದ್ದು. ಮೊದಮೊದಲು ಸಪ್ಪೆ ಅನ್ನಿಸಿತ್ತು. ಬೂದು ಆಕಾಶ, ಕಾಲು ಮುಳುಗಿಸಿ ನಿಂತ ದನ, ಅರ್ಧ ಒಣಗಿದ ಮರ, ದೋಣಿಯಲ್ಲಿ ನಮಗೆ ಬೆನ್ನು ಹಾಕಿ ಹೊರಟ ಒಬ್ಬ ಮನುಷ್ಯ. ನೋಡುತ್ತ ನೋಡುತ್ತ ತಿಳಿಯಿತು, ಆತ ನೀರಿಗೆ ಬೇರೆ ಬಣ್ಣವನ್ನೇ ಕೊಟ್ಟಿಲ್ಲ. ಮೋಡದ ಬೂದು, ಮರದ ಕಂದು, ದನದ ಕೆಂಪು, ಇವನ್ನೇ ಮಲಗಿಸಿ ನೀರು ಮಾಡಿದ್ದಾನೆ. ಮುಂದೆ ಹನುಮನಹಳ್ಳಿಯ ಹತ್ತಿರ ತುಂಗಭದ್ರೆಯ ನೀರಿನಲ್ಲಿ ಬಂಡೆಗಳ ಬಣ್ಣ ನನ್ನ ಕಣ್ಣಿಗೆ ಬಿದ್ದದ್ದು ಆತನಿಂದಲೇ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಬಂದು, ರೊಟ್ಟಿ ಬಡಿದು ಉಳಿದ ಹೊತ್ತಿನಲ್ಲಿ ವರ್ಷಗಟ್ಟಲೆ ಕೂತು ಆತನ ಆ ಹೊಳೆಯನ್ನು ನೋಡಿ ಕ್ಯಾನ್ವಾಸಿನ ಮೇಲೆ ಬರೆದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮನೆ ರಿಪೇರಿಯಾದಾಗ ಭಾವ ವಾಸ್ತು ನೋಡುವವನನ್ನು ಕರೆಸಿದರು. ಆತ ಚಿತ್ರದ ಮುಂದೆ ನಿಂತು ತಲೆ ಆಡಿಸಿದ.

"ಗಿಡ ಒಣಗೈತ್ರಿ. ದೋಣಿ ಹೊರಗ ಹೊಂಟೈತಿ. ಮನ್ಯಾಗಿನ ಲಕ್ಷ್ಮಿ ಅದರಾಗ ಕುಂತು ಹೋಗ್ತಾಳ."

"ಬ್ಯಾಡಾದ್ರ ನನ್ನ ಖೋಲ್ಯಾಗ ಇಟ್ಕೋತೀನ್ರಿ. ಅದನ್ನ ಮುಟ್ಟಬ್ಯಾಡ್ರಿ," ಅಂದೆ.

ಭಾವ ನಕ್ಕರು. "ನಾಕು ಮಂದಿ ನೋಡೋ ಚಿತ್ರ ಖೋಲ್ಯಾಗ ಯಾಕವಾ ತಂಗಿ? ಒಂದೀಟು ತಿದ್ದಿಸಿದರಾತು."

ಮರುದಿನ ನಾನು ಶಾಲೆಗೆ ಹೋದಾಗ ಅಂಗಡಿ ಬೋರ್ಡು ಬರೆಯುವವನನ್ನು ಕರೆಸಿ ತಿದ್ದಿಸಿಯೇಬಿಟ್ಟರು. ಬಂದು ನೋಡಿದರೆ ಆಕಾಶಕ್ಕೆ ಗಾಢ ನೀಲಿ, ಅದರಲ್ಲಿ ಕೆಂಪು ಸೂರ್ಯ. ಒಣಮರದ ತುಂಬ ಎಲೆ. ದನಗಳ ಜಾಗದಲ್ಲಿ ಜೋಡಿ ಹಂಸ. ದೋಣಿ ನಮ್ಮ ಕಡೆ ತಿರುಗಿತ್ತು. ಅದರಲ್ಲಿದ್ದವನಿಗೆ ಈಗ ಮುಖ ಬಂದಿತ್ತು, ಮೀಸೆಯೂ ಬಂದಿತ್ತು. ಅಳಿಸೋಣವೆಂದರೆ ಕೆಳಗಿನ ನನ್ನ ಬಣ್ಣವೂ ಕಿತ್ತು ಬರುತ್ತಿತ್ತು. ಅಡುಗೆಮನೆಗೆ ಹೋಗಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ಇನ್ನೊಂದು ಬರದರಾತು ಬಿಡು," ಅಂದರು ನನ್ನ ಗಂಡ.

"ನಿಮ್ಮಣ್ಣಗ ಹೇಳ್ರಿ ಬರಿಯಾಕ."

ರಿಪೇರಿಯಾದ ಮನೆಯ ಪೂಜೆಯ ದಿನ ಭಾವ ಬಂದವರನ್ನೆಲ್ಲ ಚಿತ್ರದ ಮುಂದೆ ನಿಲ್ಲಿಸಿ, "ನಮ್ಮ ತಮ್ಮನ ಹೆಂಡ್ತಿ ಬರದಾಳ್ರಿ" ಅನ್ನುತ್ತಿದ್ದರು. ಜನ ಸೂರ್ಯನನ್ನು ಹೊಗಳಿದರು, ಹಂಸಗಳನ್ನು ಹೊಗಳಿದರು. ನಾನು ಒಳಗಿನಿಂದ ಬ್ರಶ್ಶು, ಬಣ್ಣ ತಂದೆ. ಚಿತ್ರದ ಮೂಲೆಯಲ್ಲಿ ನನ್ನ ಹೆಸರೊಂದನ್ನು ಬೋರ್ಡು ಬರೆಯುವವ ಹಾಗೇ ಬಿಟ್ಟಿದ್ದ. ಎಲ್ಲರ ಎದುರಿಗೇ ಅದನ್ನು ಕಪ್ಪಿನಿಂದ ಮುಚ್ಚಿ, ಮೇಲೆ ದಪ್ಪಕ್ಷರದಲ್ಲಿ ಭಾವನ ಹೆಸರು ಬರೆದೆ.

"ಏನ್ ಮಾಡಾಕತ್ತೀಯವಾ?"

"ಈ ಹೊಳಿ ನಿಮ್ಮದ್ರಿ ಭಾವಾರ. ಹೆಸರೂ ನಿಮ್ಮದ ಇರ್ಲಿ."

ಅಷ್ಟರಲ್ಲಿ ಆಗತಾನೇ ಒಳಗೆ ಬಂದ ಬೀಗರೊಬ್ಬರು ಬಗ್ಗಿ ಹೆಸರು ಓದಿ, "ನಿಮಗ ಈ ಕಲಾನೂ ಬರ್ತೈತೇನ್ರಿ? ಭಾಳ ಛಲೋ ಬರದೀರಿ," ಅಂದರು.

ಭಾವ ನನ್ನ ಮುಖ ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ, ಕೈಮುಗಿದು, "ಎಲ್ಲಾ ನಿಮ್ಮ ಆಶೀರ್ವಾದ್ರಿ" ಅಂದರು.