ಸಾಕು ಎಂದ ಮೇಲಿನ ಸೌಟು

ನನಗೆ ಒಂದು ಕಡೆ ಕೂರಲಿಕ್ಕೆ ಬರುವುದಿಲ್ಲ. ಇದನ್ನು ಬರೆಯಲು ಕುಳಿತವನು ಆಗಲೇ ಎರಡು ಸಲ ಎದ್ದು ಹೋಗಿ ಗೇಟು ಹಾಕಿದೆಯೋ ಇಲ್ಲವೋ ಎಂದು ನೋಡಿ ಬಂದೆ. ಹಾಕಿತ್ತು. ಇವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಮ್ಮ ನೆಂಟರೆದುರು ಹೇಳುತ್ತಿದ್ದಳು. ಅದರಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಕಾಲುಗಳು ಒಮ್ಮೆ ಪೂರ್ತಿ ಕೈಬಿಟ್ಟು ಹೋಗುವುದರಲ್ಲಿದ್ದವು. ಕಾರಣ ಹೊಟ್ಟೆ. ಹೊಟ್ಟೆಗೂ ಕಾಲಿಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಿಯಾರು. ನಾವೂ ಹಾಗೇ ಕೇಳಿದ್ದೆವು.

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗದ ನಾನು ಅಮ್ಮನೊಂದಿಗೆ ಬೋಳಾರದ ಮನೆಯಲ್ಲಿದ್ದೆ, ಮಾವನ ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದೆ. ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಕಡೆ ಅಪ್ಪನ ಮಾತಿಗಿಂತ ಮಾವನ ಮಾತಿಗೆ ತೂಕ ಹೆಚ್ಚು. ನನ್ನ ಅಪ್ಪನಂತೂ ಆಗಲೇ ತೀರಿಹೋಗಿದ್ದರು. ಊರಿಗೆಲ್ಲ ಊಟ ಹಾಕಿ ತಾನು ಹೊತ್ತಿಗೆ ಸರಿಯಾಗಿ ಉಣ್ಣದವನು ಯಾರೆಂದರೆ ಹೋಟೆಲಿನವನೇ. ಬೆಳಗ್ಗಿನಿಂದ ಚಾದ ಮೇಲೆ ಚಾ, ಮಧ್ಯಾಹ್ನ ಕಳೆದ ಮೇಲೆ ತಳದ ಸಾಂಬಾರು. ಹೊಟ್ಟೆಯಲ್ಲಿ ಹುಣ್ಣಾಯಿತು. ಆ ಹುಣ್ಣು ಒಂದು ದಿನ ರಕ್ತ ಕಾರಿಸಿತು. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಕೊಯ್ದು, ಹೊಟ್ಟೆಯ ಹೆಚ್ಚಿನ ಪಾಲನ್ನು ತೆಗೆದು, ಉಳಿದ ಚೂರನ್ನು ಕರುಳಿಗೆ ಹೊಲಿದರು. ಈಗ ಮೈ ಇಳಿಸಲಿಕ್ಕೆಂದು ಜನ ತಾವಾಗಿ ಹೋಗಿ ಹೆಚ್ಚುಕಡಿಮೆ ಇಂಥದ್ದೇ ಆಪರೇಶನ್ ಮಾಡಿಸಿಕೊಳ್ಳುತ್ತಾರಂತೆ. ನನ್ನ ತೂಕ ಯಾರೂ ಕೇಳಿಕೊಳ್ಳದೆಯೇ ಇಳಿಯಿತು.

ಮನೆಗೆ ಕಳಿಸುವ ದಿನ ಡಾಕ್ಟರು ಅಮ್ಮನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಸ್ವಲ್ಪ ಸ್ವಲ್ಪವೇ ಹಲವು ಸಲ ಉಣ್ಣಬೇಕು, ಊಟದ ನಡುವೆ ನೀರು ಕುಡಿಯಬಾರದು, ಸಿಹಿ ಮುಟ್ಟಬಾರದು, ಕಬ್ಬಿಣದ ಮಾತ್ರೆ ನುಂಗಬೇಕು, ಮತ್ತು ತಿಂಗಳಿಗೊಮ್ಮೆ ಒಂದು ಕೆಂಪು ಇಂಜೆಕ್ಷನ್, ಅದು ಜೀವ ಇರುವವರೆಗೆ. ನಾನು ಕೇಳಿಸಿಕೊಳ್ಳುವಾಗ ಕಾಲಿನಿಂದ ಮೇಜಿನಡಿ ಚಪ್ಪಲಿ ಹುಡುಕುತ್ತಿದ್ದೆ. ಒಮ್ಮೆ ಹೊರಗೆ ಬಿದ್ದರೆ ಸಾಕಾಗಿತ್ತು. ಅಮ್ಮ ಮಾತ್ರ ಪ್ರತಿ ಮಾತಿಗೂ ತಲೆಯಾಡಿಸಿದಳು.

ಆದರೆ ಅಮ್ಮನಿಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತಿಯದ್ದು. ಆಸ್ಪತ್ರೆಯಲ್ಲಿ ಮಲಗಿ ಹೊಟ್ಟೆ ಖಾಲಿ ಮಾಡಿಕೊಂಡು ಬಂದವರೆಲ್ಲ ಅವಳ ಲೆಕ್ಕದಲ್ಲಿ ಬಾಣಂತಿಯರೇ. ನನಗೆ ಮೀಸೆ ಇತ್ತು ಎಂಬುದು ಅಡ್ಡಿಯಾಗಲಿಲ್ಲ. ಬೆಲ್ಲ, ತುಪ್ಪ, ತೆಂಗಿನ ಹಾಲು ಹಾಕಿ ಮೆಂತೆಯ ಲೇಹ ಕಾಸಿದಳು. ಅದು ಮದ್ದು, ಸಿಹಿ ಅಲ್ಲ ಎಂದು ವಾದಿಸಿದಳು. ಬೆಳಗ್ಗೆ ಒಂದು ಉಂಡೆ ತಿಂದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಮೈಯೆಲ್ಲ ಬೆವರು, ಕಣ್ಣಿಗೆ ಕತ್ತಲೆ. ಗೋಡೆ ಹಿಡಿದುಕೊಂಡು ಹೋಗಿ ಮಲಗಬೇಕಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಅಮ್ಮ ಉಪ್ಪು ಮೆಣಸು ಇಳಿತೆಗೆದು ಒಲೆಗೆ ಹಾಕಿದಳು. ನಿಶ್ಶಕ್ತಿ ಎಂದು ಮರುದಿನ ಉಂಡೆಯನ್ನು ಇನ್ನಷ್ಟು ದೊಡ್ಡದು ಮಾಡಿದಳು. ನಾನು ಉಂಡೆಗಳನ್ನು ಬಚ್ಚಲಿನ ಹಿಂದೆ ಕಾಗೆಗಳಿಗೆ ಹಾಕತೊಡಗಿದೆ. ಆ ವರ್ಷ ಇಡೀ ಬೋಳಾರದಲ್ಲಿ ನಮ್ಮ ಹಿತ್ತಿಲಿನ ಕಾಗೆಗಳಷ್ಟು ಪುಷ್ಟಿಯಾದ ಕಾಗೆಗಳು ಇರಲಿಕ್ಕಿಲ್ಲ.

ಊಟದ ಹೊತ್ತಿನದ್ದು ಬೇರೆಯೇ ಯುದ್ಧ. ನಮ್ಮಲ್ಲಿ ಬಡಿಸುವುದಕ್ಕೆ ಒಂದು ಕ್ರಮ ಉಂಟು. ಉಣ್ಣುವವನು ‘ಯಾವು’ ಎನ್ನಬೇಕು. ತುಳುವಿನಲ್ಲಿ ಯಾವು ಎಂದರೆ ಸಾಕು. ಅವನು ಹಾಗೆ ಹೇಳಿದ ಮೇಲೆ ಬಡಿಸುವವರು ಇನ್ನೊಂದು ಸೌಟು ಹಾಕಬೇಕು. ಮೊದಲನೆಯ ಯಾವು ಬರೀ ಮರ್ಯಾದೆಗೆ ಹೇಳುವುದು, ಅದನ್ನು ನಂಬಿ ಸೌಟು ಎತ್ತಿದರೆ ಆ ಮನೆಯವರು ಕೈಬಿಗಿ ಎಂದು ಹೆಸರಾಗುತ್ತದೆ. ಉಳಿದ ಚೂರು ಹೊಟ್ಟೆಯಲ್ಲಿ ಆ ಮರ್ಯಾದೆಯ ಸೌಟಿಗೆ ಜಾಗವಿರಲಿಲ್ಲ. ನಾನು ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದರೆ ಅಮ್ಮ ಬೆರಳುಗಳ ಸಂದಿನಲ್ಲೇ ಬಡಿಸುತ್ತಿದ್ದಳು. ನಾನು ಕೂಗಾಡಿ ಎದ್ದು ಹೋಗುತ್ತಿದ್ದೆ. ಗೇಟಿನ ತನಕ ಹೋಗಿ, ಹಸಿವಾಗಿ, ವಾಪಸ್ ಬರುತ್ತಿದ್ದೆ.

ಹೋಟೆಲಿನಲ್ಲೂ ನನ್ನ ಮೈ ಒಂದು ಸಮಸ್ಯೆಯಾಯಿತು. ಕೊರಳೆಲುಬು ಎದ್ದು ಕಾಣುತ್ತಿತ್ತು, ಹಳೆಯ ಅಂಗಿಗಳು ಮೈಮೇಲೆ ಒಣಗಲು ಹಾಕಿದ ಹಾಗೆ ನೇತಾಡುತ್ತಿದ್ದವು. ಮಾವ ಕೆಲವು ದಿನ ನೋಡಿ ಹೇಳಿದರು, “ಕ್ಯಾಶಿನಲ್ಲಿ ನಿನ್ನನ್ನು ಕೂರಿಸಿದ್ರೆ ಊಟಕ್ಕೆ ಬಂದವರು ನಿನ್ನ ಮುಖ ನೋಡಿ ವಾಪಸ್ ಹೋಗ್ತಾರೆ ಮಾರಾಯ. ಹೋಟೆಲಿನವನೇ ಹೀಗಿದ್ರೆ ಅಡುಗೆ ಎಂತದ್ದು ಅಂತ.” ಹಾಗೆ ನನ್ನನ್ನು ಸಾಮಾನು ತರುವ ಕೆಲಸಕ್ಕೆ ಹಾಕಿದರು. ಅವಮಾನವಾಯಿತು. ಆದರೆ ಒಂದು ವಾರದಲ್ಲಿ ಅದರಷ್ಟು ನನಗೆ ಹೇಳಿ ಮಾಡಿಸಿದ ಕೆಲಸ ಬೇರೆ ಇಲ್ಲ ಎಂದು ಗೊತ್ತಾಯಿತು. ಬೆಳಗಾದರೆ ಬಂದರಿನ ಅಕ್ಕಿ ಮಂಡಿ, ಅಲ್ಲಿಂದ ತರಕಾರಿ ಮಾರ್ಕೆಟ್, ಅಲ್ಲಿಂದ ಎಣ್ಣೆಯವನು. ಜೇಬಿನಲ್ಲಿ ಎರಡು ಬಿಸ್ಕತ್ತು. ಹಸಿವಾದಲ್ಲಿ ನಿಂತು ತಿಂದು ಮತ್ತೆ ಹೊರಡುವುದು. ಕ್ಯಾಶಿನ ಕುರ್ಚಿಯಲ್ಲಿ ಕುಳಿತು ನಾನು ಕಾಲು ಕುಣಿಸುವುದನ್ನು ನೋಡಿ ತಲೆಸುತ್ತು ಬರುತ್ತದೆ ಎನ್ನುತ್ತಿದ್ದ ಮಾವ ಈಗ ನನ್ನನ್ನು ಹುಡುಕಿಸಬೇಕಾಯಿತು. ನನ್ನ ಕಾಲುಗಳೇ ನನ್ನ ಅನ್ನವಾದವು, ಮತ್ತು ನಾನು ಖುಷಿಯಾಗಿದ್ದೆ.

ಇಂಜೆಕ್ಷನನ್ನು ಮೊದಲ ಕೆಲವು ತಿಂಗಳು ತಪ್ಪಿಸಲಿಲ್ಲ. ಸೂಜಿಯ ಹೆದರಿಕೆ ನನಗಿರಲಿಲ್ಲ. ಬೆಂಚಿನ ಮೇಲೆ ಸರದಿ ಕಾಯುವುದೇ ಹಿಂಸೆ. ಒಂದು ಸಲ ಜೊತೆಗೆ ಬಂದ ಅಮ್ಮ, ಆ ಕೆಂಪು ಮದ್ದಿನಲ್ಲಿ ಇರುವುದಾದರೂ ಎಂತ ಎಂದು ನರ್ಸಿನ ಹತ್ತಿರ ಕೇಳಿದಳು. ಲಿವರಿನಲ್ಲಿ, ಮೀನಿನಲ್ಲಿ, ಮೊಟ್ಟೆಯಲ್ಲಿ ಇರುವ ಒಂದು ವಿಟಮಿನ್ ಎಂದಳು ಆಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮ ದಾರಿಯುದ್ದಕ್ಕೂ ಯೋಚಿಸಿ, ಮನೆ ಹತ್ತಿರ ಬಂದಾಗ ತೀರ್ಪು ಕೊಟ್ಟಳು: “ಮೀನಿನಲ್ಲಿ ಇರುವುದನ್ನು ಸೂಜಿಯಲ್ಲಿ ಯಾಕೆ ಚುಚ್ಚಿಸಿಕೊಳ್ಳುವುದು? ನಾವೆಂತ ಮೀನು ಸಿಗದ ಘಟ್ಟದ ಮೇಲಿನವರಾ?”

ನನಗೂ ಅದು ಸರಿ ಕಂಡಿತು. ಬೆಂಚು ತಪ್ಪಿತಲ್ಲ. ಅಂದಿನಿಂದ ವಾರಕ್ಕೊಮ್ಮೆ ಆಡಿನ ಲಿವರನ್ನು ಕರಿಮೆಣಸಿನಲ್ಲಿ ಹುರಿದು ಕೊಟ್ಟಳು. ನದಿಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮನೆಮನೆಗೆ ಮಾರುವ ಹೆಂಗಸನ್ನು ಗೊತ್ತು ಮಾಡಿದಳು. ಆ ಚಿಪ್ಪುಗಳನ್ನು ಬಿಡಿಸಲು ಬೆಳಗ್ಗಿನಿಂದ ಕುಕ್ಕರಗಾಲಿನಲ್ಲಿ ಕುಳಿತರೆ ಅಮ್ಮನ ಬೆರಳೆಲ್ಲ ಗೀರು. ತೆಂಗಿನಕಾಯಿ ಅರೆದು ಪುಂಡಿ ಎಂಬ ಅಕ್ಕಿಯ ಉಂಡೆಗಳೊಟ್ಟಿಗೆ ಬೇಯಿಸಿ ನನ್ನ ಮುಂದೆ ಇಟ್ಟು, ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು. ಒಂದು ಪುಂಡಿ ಹೋಗುವಲ್ಲಿ ಎರಡು ಹೋದರೆ ಆ ದಿನ ಅವಳಿಗೆ ಹಬ್ಬ. ವರ್ಷಗಳು ಹೀಗೆ ಹೋದವು, ನನಗೆ ಏನೂ ಆಗಲಿಲ್ಲ. ಡಾಕ್ಟರರಿಗಿಂತ ತನ್ನ ಒಲೆಯೇ ಮೇಲು ಎಂದು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖದಲ್ಲಿ ಅದು ಇತ್ತು.

ಎಂಬತ್ತರ ದಶಕ ಸುರುವಾದ ಮೇಲೆ ನನ್ನ ಪಾದಗಳಲ್ಲಿ ಇರುವೆ ಹರಿದ ಹಾಗಾಗತೊಡಗಿತು. ಇರುವೆ ಇರಲಿಲ್ಲ. ಕೂತರೆ ಹೆಚ್ಚು, ನಡೆದರೆ ಕಡಿಮೆ, ಹಾಗಾಗಿ ಮೊದಲಿಗಿಂತಲೂ ಹೆಚ್ಚು ನಡೆದೆ. ಊಟದ ನಡುವೆ ಎದ್ದು ನಡೆದೆ, ಮಾತಿನ ನಡುವೆ ಎದ್ದು ನಡೆದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೊತ್ತಂಬರಿ ತರಲು ಹೋದವನು ಮಾರ್ಕೆಟಿನಲ್ಲಿ ನಿಂತು ಎಂತ ತರಲು ಬಂದದ್ದು ಎಂದು ಯೋಚಿಸಿ ಬರಿಗೈಯಲ್ಲಿ ಹೋಟೆಲಿಗೆ ಬಂದದ್ದುಂಟು. ಆಮೇಲೆ ಇರುವೆಗಳು ಹೋದವು, ಅವುಗಳ ಜಾಗದಲ್ಲಿ ಹತ್ತಿ ಬಂತು. ಡಾಂಬರು ರಸ್ತೆಯಲ್ಲಿ ನಡೆದರೂ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ. ಹೆದರಿದ್ದೆ. ಯಾರಿಗೂ ಹೇಳಲಿಲ್ಲ. ಈ ಕೆಲಸವೂ ಹೋದರೆ ಮಾವ ನನ್ನನ್ನು ಇನ್ನೆಲ್ಲಿ ಇಟ್ಟಾರು ಎಂಬ ಯೋಚನೆ.

ಹೋಟೆಲಿನಲ್ಲಿ ಮೀನಿನ ಊಟ ಸುರು ಮಾಡಬೇಕೆಂದು ಮಾವ ಒಂದು ದಿನ ನನ್ನನ್ನು ಉಳ್ಳಾಲಕ್ಕೆ ಕಳಿಸಿದರು. ದೋಣಿಯವರ ಹತ್ತಿರ ಮಾತಾಡಿ, ಮರಳಿನಲ್ಲಿ ಅತ್ತಿತ್ತ ಓಡಾಡಿ, ಬಸ್ಸು ಹತ್ತಿ, ಇಳಿದು, ಬಿಸಿಲಿನಲ್ಲಿ ಮನೆಗೆ ನಡೆದು ಬಂದೆ. ಅಮ್ಮ ಜಗಲಿಯಲ್ಲಿ ನಿಂತಿದ್ದವಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು.

“ಒಂದು ಚಪ್ಪಲಿ ಎಲ್ಲಿ?” ಎಂದಳು.

ಬಗ್ಗಿ ನೋಡಿದೆ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದು. ಯಾವುದೋ ಚಿಪ್ಪು ಅಡಿಯನ್ನು ಉದ್ದಕ್ಕೆ ಸೀಳಿತ್ತು, ಅಂಗಳದಿಂದ ಜಗಲಿಯವರೆಗೆ ಹೆಜ್ಜೆಗೊಂದು ರಕ್ತದ ಗುರುತು. ಚಪ್ಪಲಿ ಉಳ್ಳಾಲದ ಮರಳಿನಲ್ಲಿ ಕಳಚಿತೋ, ಬಸ್ಸಿನಲ್ಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾದ ರಸ್ತೆಯಲ್ಲಿ ಬರಿಗಾಲಲ್ಲಿ, ಗಾಯದ ಕಾಲಲ್ಲಿ ಬಂದಿದ್ದೆ, ಒಂದು ಚೂರು ನೋವಿರಲಿಲ್ಲ. ನಾನು ಅಲ್ಲೇ ಕುಳಿತೆ. ಎದ್ದು ನಡೆಯಬೇಕು ಎಂದು ಅನಿಸದಿದ್ದದ್ದು ಜೀವನದಲ್ಲಿ ಅದೇ ಮೊದಲು.

ಮರುದಿನ ಅಮ್ಮ ಅದೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರ ತಲೆ ಬೆಳ್ಳಗಾಗಿತ್ತು. ಹತ್ತಿಯ ಎಳೆಯಿಂದ ನನ್ನ ಪಾದ ಮುಟ್ಟಿದರು, ತಿಳಿಯಲಿಲ್ಲ. ಕವೆಯಂಥ ಒಂದು ಉಕ್ಕಿನ ಸಾಧನವನ್ನು ಬಡಿದು, ಅದು ನಡುಗುವಾಗ ಹೆಬ್ಬೆರಳಿಗೆ ಒತ್ತಿದರು, ಅದೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ನಾನು ವಾಲಿದೆ, ಅವರೇ ಹಿಡಿದರು. ಇಂಜೆಕ್ಷನ್ ಬಿಟ್ಟು ಎಷ್ಟು ಸಮಯವಾಯಿತು ಎಂದು ಕೇಳಿದಾಗ ಉತ್ತರ ಕೊಟ್ಟದ್ದು ಅಮ್ಮ. ಲಿವರು, ಮೀನು, ಮರುವಾಯಿ, ಯಾವ ವಾರ ಯಾವುದು, ಎಲ್ಲವನ್ನೂ ಹೇಳಿದಳು. ಕಡಿಮೆ ಮಾಡಲಿಲ್ಲ ಎಂದಳು. ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ಬೈಯಲಿಲ್ಲ. ಆ ವಿಟಮಿನನ್ನು ಊಟದಿಂದ ಹಿಡಿದು ಕರುಳಿಗೆ ದಾಟಿಸುವ ಒಂದು ರಸ ಹೊಟ್ಟೆಯಲ್ಲಿ ಹುಟ್ಟುತ್ತದೆ, ಅದು ಹುಟ್ಟುವ ಭಾಗವನ್ನೇ ಇವನಿಗೆ ಕೊಯ್ದು ತೆಗೆದದ್ದು, ಮೈಯಲ್ಲಿ ಮೊದಲು ಉಳಿತಾಯವಾಗಿದ್ದದ್ದು ಇಷ್ಟು ವರ್ಷ ಬಂತು, ಈಗ ಮುಗಿಯಿತು ಎಂದು ವಿವರಿಸಿದರು. ಇನ್ನು ಸಮುದ್ರದ ಮೀನೆಲ್ಲ ತಿನ್ನಿಸಿದರೂ ಪ್ರಯೋಜನವಿಲ್ಲ, ಸೂಜಿಯೊಂದೇ ದಾರಿ.

ಅಮ್ಮ ಕೇಳಿದಳು, “ಹಾಗಾದ್ರೆ ಇಷ್ಟು ವರ್ಷ ನಾನು ಹಾಕಿದ್ದು ಇವನ ಮೈಗೆ ಹತ್ತಲೇ ಇಲ್ಲವಾ ಡಾಕ್ಟ್ರೇ?”

“ಅನ್ನ ಹತ್ತಿದೆ ಅಮ್ಮಾ. ಇದೊಂದು ಹತ್ತಲಿಲ್ಲ.”

ಕಾಲು ಮೊದಲಿನ ಹಾಗಾಗುತ್ತದೆಯೇ ಎಂದು ನಾನು ಕೇಳಿದೆ. ಈಗ ಹೇಳಲಿಕ್ಕಾಗುವುದಿಲ್ಲ, ನೋಡುವ ಎಂದರು.

ಮೊದಲು ದಿನಾ ಸೂಜಿ, ಆಮೇಲೆ ವಾರಕ್ಕೊಮ್ಮೆ. ಕಾಲಿಗೆ ಗಾಯವಾದರೂ ತಿಳಿಯದ ಕಾರಣ ಒಬ್ಬನೇ ಹೊರಗೆ ಹೋಗಬಾರದೆಂದು ಕಟ್ಟುನಿಟ್ಟು. ಜಗಲಿಯಲ್ಲಿ ಕೂತೆ. ಯಾರನ್ನಾದರೂ ಕೊಲ್ಲಬೇಕು ಎಂದು ಅನಿಸುವಷ್ಟು ಕೂತೆ. ಪೇಪರಿನ ಮೇಲೆ, ಗಡಿಯಾರದ ಮೇಲೆ, ನದಿ ಕಡೆಯಿಂದ ಬರುವ ಗಾಳಿಯ ಮೇಲೂ ಸಿಟ್ಟು. ಮಾವ ಬಂದು, ನಿನ್ನ ಕೆಲಸಕ್ಕೆ ಸದ್ಯ ಬೇರೆಯವನನ್ನು ಹಾಕಿದ್ದೇನೆ ಎಂದು ಆದಷ್ಟು ಮೆಲ್ಲಗೆ ಹೇಳಿ ಹೋದರು. ಸದ್ಯ ಎನ್ನುವ ಮಾತನ್ನು ನಾನು ಇಡೀ ದಿನ ತಿರುವಿ ಹಾಕುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಮ್ಮ ಬಡಿಸುವ ರೀತಿ. ಸಣ್ಣ ಬಟ್ಟಲು ಇಡುತ್ತಿದ್ದಳು, ಡಾಕ್ಟರು ಹೇಳಿದಷ್ಟೇ ಹಾಕುತ್ತಿದ್ದಳು, ನಾನು ಯಾವು ಎಂದರೆ ಸೌಟು ಎತ್ತಿಬಿಡುತ್ತಿದ್ದಳು. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ, ಆದರೆ ಸಿಕ್ಕಿದಾಗ ಅರ್ಧ ಬಟ್ಟಲಿನಲ್ಲೇ ಬಿಟ್ಟು ಏಳುತ್ತಿದ್ದೆ. ಮರುವಾಯಿಯವಳು ಗೇಟಿನಲ್ಲಿ ಕರೆದರೆ ಒಳಗಿನಿಂದಲೇ ಬೇಡ ಎಂದಳು. ಪರಕೀಯರ ಮನೆಯಲ್ಲಿ ಉಂಡ ಹಾಗಾಗುತ್ತಿತ್ತು. ನೀನು ಹಾಕಿದ್ದರಿಂದಲೇ ನಾನು ಬದುಕಿದ್ದು ಎಂದು ಒಮ್ಮೆ ಹೇಳಿ ನೋಡಿದೆ. ಅಮ್ಮ ಪಾತ್ರೆ ತೆಗೆಯುತ್ತ, “ಡಾಕ್ಟ್ರು ಹೇಳಿದ್ದು ನನಗೆ ಕೇಳಿಸಿದೆ” ಎಂದಳು.

ತಿಂಗಳುಗಳು ಹೋದವು. ಹತ್ತಿ ಹೋಗಿ ಮತ್ತೆ ಇರುವೆಗಳು ಬಂದವು. ಡಾಕ್ಟರು ಅದು ಒಳ್ಳೆಯದು ಎಂದರು, ನಾನು ನಂಬಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದವನಿಗೆ ಎಡಗಾಲಿನಡಿ ಏನೋ ಸಿಕ್ಕಿತು. ಚಿಕ್ಕದು, ಮೆತ್ತಗಿನದು, ಅಂಟು. ಗೋಡೆ ಹಿಡಿದು ಕಾಲೆತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಕುಚ್ಚಲಕ್ಕಿಯ ಒಂದು ದಪ್ಪ ಅಗುಳು. ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗಿತ್ತು.

“ಅಮ್ಮಾ, ಅನ್ನ ತುಳಿದೆ” ಎಂದೆ. ಸಣ್ಣವನಿದ್ದಾಗ ಅದಕ್ಕೆ ಪೆಟ್ಟು ಬೀಳುತ್ತಿತ್ತು.

ಅಮ್ಮ ಒಲೆಯ ಹತ್ತಿರದಿಂದ ಬಂದು ನನ್ನ ಕಾಲು ನೋಡಿದಳು, ಮುಖ ನೋಡಿದಳು. “ನೋಡದೆ ಗೊತ್ತಾಯ್ತಾ?”

“ಗೊತ್ತಾಯ್ತು.”

ನೆಲದಲ್ಲಿ ಕುಳಿತು, ಉಗುರಿನಿಂದ ಆ ಅಗುಳನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು, ಊಟಕ್ಕೆ ಕೂತೆ.

ಅನ್ನ ಹಾಕಿದಳು. ಯಾವು ಎಂದೆ. ಸೌಟು ಬಟ್ಟಲಿನ ಮೇಲೆ ನಿಂತಿತು. ಅಮ್ಮ ಒಮ್ಮೆ ನನ್ನನ್ನು ನೋಡಿದಳು, ಇನ್ನೊಂದು ಸೌಟು ಹಾಕಿದಳು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅಷ್ಟನ್ನೂ ತಿಂದೆ.

ಆಗಬೇಕಾದದ್ದೇ ಆಯಿತು. ಎದೆ ಡಬಡಬ, ಮೈಯೆಲ್ಲ ಬೆವರು. ಚಾಪೆಯ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡೆ. ಅಮ್ಮ ಬೀಸಣಿಗೆ ಹಿಡಿದು ನನ್ನ ಕಾಲ ಬುಡದಲ್ಲಿ ಕುಳಿತು, ಬುದ್ಧಿ ಇಲ್ಲದವನು, ಸಾಕಾದರೆ ಸಾಕೆಂದು ಗಟ್ಟಿಯಾಗಿ ಹೇಳಬಾರದಾ ಎಂದು ಹಿಂದಿನ ಹಾಗೆ ಬೈಯತೊಡಗಿದಳು. ಬೀಸಣಿಗೆಯ ಗಾಳಿ ನನ್ನ ಪಾದಕ್ಕೆ ತಾಗುತ್ತಿತ್ತು.