ಉಜ್ಜದೆ ಬಿಟ್ಟ ಒಂದು ಅತುಕು

ಬೆಳಗಿನ ಐದೂಮುಕ್ಕಾಲು. ಚಳ್ಳಕೆರೆಯ ಊರಾಚೆಯ ಶೆಡ್ಡಿನಲ್ಲಿ ದ್ಯಾಮಮ್ಮ ಐದು ಸಾವಿರ ಲೀಟರಿನ ಸ್ಟೀಲ್ ಟ್ಯಾಂಕನ್ನು ಸುತ್ತುತ್ತಿದ್ದಾರೆ. ನಿನ್ನೆ ಸಂಜೆ ಬೆಸುಗೆಯ ಗೆರೆಗಳಿಗೆಲ್ಲ ಹೊರಗಿನಿಂದ ಸೀಮೆಸುಣ್ಣ ಬಳಿದು ಒಣಗಿಸಿ, ಒಳಗೆ ನೀರು ತುಂಬಿಸಿದ್ದಾರೆ. ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಒದ್ದೆ ಕಲೆ ಮೂಡುತ್ತದೆ. ಮೂಡಿದರೆ ಟ್ಯಾಂಕು ಬೇಡವೆಂದು ಎಣ್ಣೆ ಗಿರಣಿಯ ಜಂಬುಲಿಂಗಪ್ಪನವರು ಮೊದಲೇ ಹೇಳಿಬಿಟ್ಟಿದ್ದಾರೆ. ಆರಂಭದಿಂದ ಕೊನೆತನಕ ದ್ಯಾಮಮ್ಮ ಒಬ್ಬರೇ ಬೆಸೆದ ಮೊದಲ ದೊಡ್ಡ ಟ್ಯಾಂಕು ಇದು.

"ಇದು ಬೆವರಿದ್ರೆ ನಾ ಮತ್ತೆ ಪಾಲಿಶ್ ಚಕ್ರದ ಮುಂದೇನೇ ಕೂರ್ಬೇಕು" ಎನ್ನುತ್ತಾರೆ, ಕಣ್ಣನ್ನು ಗೆರೆಯಿಂದ ಕೀಳದೆ.

ನಲವತ್ತೊಂದರ ದ್ಯಾಮಮ್ಮ ಮೊಳಕಾಲ್ಮುರಿನ ನೇಕಾರರ ಮನೆಯವರು. ಮಗ್ಗದಲ್ಲಿ ಹಳೆ ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು ಹದಿನೆಂಟು ವರ್ಷ ಅವರ ಕೆಲಸ. ಮನೆಮಾತು ತೆಲುಗಿನಲ್ಲಿ ಅದು 'ಅತುಕು'. ಒಂದು ಹಾಸೆಂದರೆ ನಾಲ್ಕು ಸಾವಿರ ಎಳೆ, ಕತ್ತೆತ್ತುವಂತಿಲ್ಲ. "ಅಷ್ಟು ಅತುಕಿದ್ರೂ ಆಮೇಲೆ ಅತುಕಿರೋ ತುಂಡನ್ನೇ ಕತ್ತರಿಸಿ ಬಿಸಾಕ್ತಾರೆ. ಸೀರೆಗೆ ಹೋಗಲ್ಲ ಅದು."

ಬೀದಿಯ ಮಗ್ಗಗಳು ಸದ್ದಡಗಿದಾಗ ಚಳ್ಳಕೆರೆಗೆ ಬಂದರು. ಸಿಕ್ಕಿದ್ದು ಪಾಲಿಶ್ ಕೆಲಸ. ಆರು ವರ್ಷ, ದಿನಕ್ಕೆ ನಲವತ್ತು ಅಡಿಯಂತೆ, ಬೇರೆಯವರ ಬೆಸುಗೆಯನ್ನು ಉಜ್ಜಿ ಕಾಣದಂತೆ ಮಾಡಿದರು. ಮೂಗಿಗೆ ಬಟ್ಟೆ ಕಟ್ಟಿದ್ದರೂ ಸೀನಿದರೆ ಕಪ್ಪು. ಆದರೆ ಯಾವ ಬೆಸುಗೆ ಗಟ್ಟಿ, ಯಾವುದು ಪೊಳ್ಳು ಎಂದು ಉಜ್ಜುತ್ತಲೇ ಬೆರಳು ಕಲಿಯಿತು. ಮೂರು ವರ್ಷದ ಹಿಂದೆ ದ್ಯಾಮಮ್ಮ ಶೆಡ್ಡಿನ ಮಾಲೀಕ ಪ್ರಭುವನ್ನು, "ನಾನೂ ಒಂದೀಟು ಅತುಕ್ಲಾ?" ಎಂದು ಕೇಳಿದರು.

"ಇದು ರೇಷ್ಮೆ ಅಲ್ಲ ದ್ಯಾಮಕ್ಕಾ, ತಗಡು!"

"ತಗಡೇ ವಾಸಿ ಬಿಡಪ್ಪ, ಉಸಿರು ಬಿಟ್ರೆ ಹಾರಲ್ಲ!"

ಈಗ ಆ ಶೆಡ್ಡಿನಲ್ಲಿ ಯಾರ ಬಾಯಲ್ಲೂ ವೆಲ್ಡಿಂಗ್ ಎಂಬ ಮಾತಿಲ್ಲ. ಎಲ್ಲರೂ ಅತುಕುವವರೇ.

ಆರು ಗಂಟೆಗೆ ಜಂಬುಲಿಂಗಪ್ಪ ಬ್ಯಾಟರಿ ಹಿಡಿದು ಬರುತ್ತಾರೆ. ಬಗ್ಗಿ, ಎದ್ದು, ಗೆರೆಗೆರೆಗೂ ಬೆರಳಾಡಿಸುತ್ತಾರೆ. ಬೆರಳಿಗೆ ಹತ್ತುವುದು ಬರೀ ಒಣ ಸುಣ್ಣ.

"ಎಲ್ಲೂ ಬೆವರೇ ಇಲ್ಲವಲ್ಲಮ್ಮ!"

"ನಾ ಬೆವರಿದೀನಿ ಸಾವ್ಕಾರ್ರೇ, ಅದು ಬೆವರಿಲ್ಲ."

ಅವರು ಗಹಗಹಿಸಿ ನಗುತ್ತಾರೆ. ದ್ಯಾಮಮ್ಮ ಒದ್ದೆ ಬಟ್ಟೆಯಿಂದ ಸುಣ್ಣ ಒರೆಸುತ್ತಾರೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಬೆಸುಗೆ ಹೊಳೆಯುತ್ತದೆ. ಹೊರಮೈ ಉಜ್ಜಲೆಂದು ಪ್ರಭು ಪಾಲಿಶ್ ಯಂತ್ರದ ವೈರಿನ ಸುರುಳಿ ಬಿಚ್ಚತೊಡಗಿದಾಗ ದ್ಯಾಮಮ್ಮನ ಕೈ ನಿಲ್ಲುತ್ತದೆ.

"ಸಾವ್ಕಾರ್ರೇ, ಒಳಗಡೆ ನುಣ್ಣಗೆ ಉಜ್ಜಿದೀವಿ, ಶೇಂಗಾ ಎಣ್ಣೆ ನಿಲ್ಲೋ ಜಾಗ. ಹೊರಗಡೆ ಒಂದು ಗೆರೆ ಹಂಗೇ ಬಿಡ್ತೀರಾ?"

"ಯಾಕಮ್ಮ?"

"ಹುಟ್ಟಿದಾಗಿಂದ ಅತುಕಿದ್ರಾಗೆ ಒಂದೂ ಉಳೀಲಿಲ್ಲ ರೀ. ಇದೊಂದು ಇರ್ಲಿ."

ಜಂಬುಲಿಂಗಪ್ಪ ಆ ಗೆರೆಯ ಮೇಲೆ ಇನ್ನೊಮ್ಮೆ ಬ್ಯಾಟರಿ ಬಿಡುತ್ತಾರೆ. ಆಮೇಲೆ ಪ್ರಭು ಕಡೆ ತಿರುಗಿ, "ಆ ಯಂತ್ರ ಎತ್ತಿಡಪ್ಪ. ಗಿರಣೀಲಿ ನಿಲ್ಸುವಾಗ ಈ ಗೆರೆ ಬಾಗಿಲ ಕಡೆಗೆ ಬರ್ಬೇಕು, ನೆನಪಿರ್ಲಿ" ಎನ್ನುತ್ತಾರೆ.