ಐವತ್ತೆರಡು ಡಿಗ್ರಿಯ ಸುಳ್ಳು

ಬೆಳಗಿನ ಆರು ಗಂಟೆ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ನಾಲ್ಕು ಪಂಪುಗಳು ಗುಂಯ್‌ಗುಡುತ್ತಿವೆ. ಖಾಕಿ ಕೋಟಿನ ಹೆಂಗಸೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೂರನೇ ಪಂಪಿನ ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಡಾಕ್ಟರು ಎದೆಬಡಿತ ಕೇಳುವ ಹಾಗೆ. ಆಮೇಲೆ ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ: ಐವತ್ತು ಡಿಗ್ರಿ.

ಇಲ್ಲಿ ಎಲ್ಲರಿಗೂ ಇವರು ಪಂಪಕ್ಕ. ವಯಸ್ಸು ನಲವತ್ತೊಂದು, ಸರ್ವಿಸು ಹದಿನೆಂಟು ವರ್ಷ. ಎರಡು ಗಂಟೆಗೆ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ, ಸಂಜೆ ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಾರೆ. ಸಹಪಾಠಿಗಳಿಗೆ ಇವರು 'ಆಂಟಿ'; ಗೈಡ್ ಮೇಷ್ಟ್ರೇ ಇವರಿಗಿಂತ ಆರು ವರ್ಷ ಚಿಕ್ಕವರು. ಎಲೆಮರೆಯ ಕಾಯಿಯೊಂದನ್ನು ಪತ್ರಿಕೆಯಲ್ಲಿ ನಾಲ್ಕು ಮಾತು ಹೊಗಳಿ ಹೋಗೋಣ ಅಂತ ಬಂದವನು ನಾನು. ಪೆನ್ನು ತೆಗೆಯುವಷ್ಟರಲ್ಲೇ ಪಂಪಕ್ಕ ತಡೆಯುತ್ತಾರೆ.

"ಹೊಗಳ್ಬೇಡಿ ಸಾರ್. ಮೊದಲು ನಾನು ಮಾಡಿದ ಘನಕಾರ್ಯ ಕೇಳಿ. ಆಮೇಲೂ ಬರೀಬೇಕು ಅನ್ಸಿದ್ರೆ ಬರೀರಿ."

ಘನಕಾರ್ಯ ಇಷ್ಟು. ಗಂಟೆಗೊಮ್ಮೆ ಪಂಪುಗಳ ಬಿಸಿ ನೋಡಿ ಬರೆಯಬೇಕು ಎಂಬುದು ನಿಯಮ. ಎಂ.ಟೆಕ್ ಸೇರಿದ ಮೇಲೆ ಪಂಪಕ್ಕ ಡ್ಯೂಟಿಗೆ ಬಂದವರೇ ಇಡೀ ಪಾಳಿಯ ಅಂಕಿಗಳನ್ನು ಒಂದೇ ಸಲ ತುಂಬಿಬಿಡುತ್ತಿದ್ದರು. ಐವತ್ತೆರಡು, ಐವತ್ತೆರಡು, ಐವತ್ತೆರಡು. ಉಳಿದ ಹೊತ್ತೆಲ್ಲ ಗಣಿತದ ಪುಸ್ತಕ. ಅನುಮಾನ ಬರಬಾರದೆಂದು ಪೆನ್ನು ಬೇರೆ ಬದಲಿಸುತ್ತಿದ್ದರಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಒಂದು ದಿನ ಅವರದೇ ಪಾಳಿಯಲ್ಲಿ, ಹನ್ನೊಂದರ ಹೊತ್ತಿಗೆ, ಮೂರನೇ ಪಂಪಿನ ಬೇರಿಂಗ್ ಸುಟ್ಟುಹೋಯಿತು. ಸುಟ್ಟ ಪಂಪಿಗೆ ಹನ್ನೆರಡು, ಒಂದು ಗಂಟೆಯ ಬಿಸಿಯನ್ನೂ ಆಗಲೇ ಬರೆದಾಗಿತ್ತು! ಪಂಪಕ್ಕ ಆ ಸಾಲುಗಳ ಮೇಲೆ ಬೇಕಂತಲೇ ಚಹಾ ಚೆಲ್ಲಿದರು. ಮೂರು ದಿನ ಅರ್ಧ ಊರಿಗೆ ನೀರಿಲ್ಲ. ವಿಚಾರಣೆಗೆ ಬಂದವರು, ಬಿಸಿ ಏರಿದ್ದೇ ಇಲ್ಲ, ಹಾಗಾದರೆ ಬೇರಿಂಗ್ ಕೂರಿಸಿದವನದೇ ತಪ್ಪು ಅಂತ ಷರಾ ಬರೆದರು. ಕೂರಿಸಿದ್ದು ಹಿರಿಯ ಫಿಟ್ಟರ್. ಮೂವತ್ತು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ, ಆ ಕಪ್ಪುಚುಕ್ಕೆ ಹೊತ್ತೇ ನಿವೃತ್ತಿಯಾದರು. ಪಂಪಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಅವರ ಪ್ರಬಂಧದ ವಿಷಯವೇ ಪಂಪು ಕೆಡುವ ಮುನ್ಸೂಚನೆ. ಆಧಾರ ಅದೇ ರಿಜಿಸ್ಟರು. "ಮೂರು ಪಾಳೀಲಿ ನನ್ನದು ಒಂದು ತಾನೇ, ಸರಾಸರಿಯಲ್ಲಿ ಮುಚ್ಚಿಹೋಗುತ್ತೆ ಅಂದ್ಕೊಂಡಿದ್ದೆ." ಗೈಡ್ ಗ್ರಾಫ್ ನೋಡಿ ನಕ್ಕರಂತೆ: "ಏನ್ ಮೇಡಂ, ಸಾಯೋ ಗಳಿಗೆವರೆಗೂ ಈ ಪಂಪಿಗೆ ಜ್ವರಾನೇ ಬಂದಿಲ್ವಲ್ಲ?"

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮನೇಲಿ ಎಲ್ಲಾ ಹೇಳ್ಕೊಂಡೆ. ಹತ್ತನೇ ಕ್ಲಾಸಿನ ಮಗಳು, 'ನಾನು ಕಾಪಿ ಹೊಡೆದಾಗ ನೀನು ಎರಡು ದಿನ ಮಾತು ಬಿಟ್ಟಿದ್ದೆ ಅಲ್ವಾಮ್ಮ' ಅಂದ್ಲು. ಅಷ್ಟೇ ಅಂದಿದ್ದು."

ಮರುದಿನವೇ ಪಂಪಕ್ಕ ಗೈಡಿಗೂ ಇಲಾಖೆಗೂ ತಪ್ಪೊಪ್ಪಿ ಬರೆದುಕೊಟ್ಟರು. ಮೆಮೊ ಬಂತು. ಪ್ರಬಂಧ ಕಸದಬುಟ್ಟಿ ಸೇರಿತು. ಈಗ ಹೊಸದಾಗಿ ಒಂದು ವರ್ಷದ ನಿಜ ಅಂಕಿ ಬೇಕು. ಪದವಿಯ ಗಡುವಿಗೆ ಉಳಿದಿರುವುದು ಹದಿನಾಲ್ಕೇ ತಿಂಗಳು. ಫಿಟ್ಟರ್ ಮೇಲಿನ ಷರಾ ಮಾತ್ರ ರದ್ದಾಯಿತು. ಆ ಆದೇಶ ಹಿಡಿದು ಪಂಪಕ್ಕ ಅವರ ಮನೆಗೇ ಹೋದರು.

"'ಕೂತ್ಕೊ ತಾಯಿ' ಅಂದ್ರು. ಕಾಗದ ಎರಡು ಸಲ ಓದಿದ್ರು. 'ಓದಿದ್ದು ನೀನು, ಬೈಸ್ಕೊಂಡಿದ್ದು ನಾನು' ಅಂದ್ರು. ಕೂಗಾಡಿದ್ರೆ ಎಷ್ಟೋ ವಾಸಿಯಾಗಿತ್ತು ಸಾರ್."

ಏನಾಸೆ ಅಂತ ಕೇಳುತ್ತೇನೆ. "ಡಿಗ್ರಿ ಬಂದ್ರೆ ಬರಲಿ. ಪ್ರಬಂಧ ಒಪ್ಪಿಸೋ ದಿನ ಫಿಟ್ಟರ್ ಮಾಮ ಬಂದು ಮುಂದಿನ ಸಾಲಲ್ಲಿ ಕೂತ್ರೆ ಸಾಕು. ಕರೆದಿದ್ದೀನಿ. ನೋಡೋಣ ಅಂದಿದ್ದಾರೆ."

ಗಡಿಯಾರ ಏಳು ತೋರಿಸುತ್ತದೆ. ಪಂಪಕ್ಕ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. "ಐವತ್ತೆರಡೇ ಇರುತ್ತೆ ಬಿಡಿ" ಅಂತ ತಮಾಷೆ ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಮೂರನೇ ಪಂಪಿನ ಬಳಿ ಬಹಳ ಹೊತ್ತು ನಿಂತು, ಥರ್ಮಾಮೀಟರ್ ನೋಡಿ, ವಾಪಸು ಬಂದು ಬರೆದು, ರಿಜಿಸ್ಟರನ್ನು ನನ್ನ ಕಡೆ ತಿರುಗಿಸುತ್ತಾರೆ.

"ಐವತ್ತೆರಡೇ ಸಾರ್. ಬನ್ನಿ, ನೀವೂ ಒಂದ್ಸಲ ನೋಡಿಬಿಡಿ."